ಗುಡ್ಲು ಹಾಕುವ ಮೊದಲೇ ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಥೆ, ಸಿನಿಮಾ, ಸೀರಿಯಲ್‌ಗಳಲ್ಲಿ ಹುಡುಗಿ ದೊಡ್ಡವಳಾಗುವ ದೃಶ್ಯ ಹೇಗಿರುತ್ತದೆ, ಸ್ವಲ್ಪ ನೆನಪು ಮಾಡಿಕೊಳ್ಳಿ. ಹುಡುಗಿ ಗಾಬರಿಯಾಗಿ ಓಡಿ ಬರುತ್ತಾಳೆ. ಅಜ್ಜಿ ನಗುತ್ತಾಳೆ. ತಕ್ಷಣ ಆರತಿ, ಹಾಡು. ಆ ಗಾಬರಿಗೂ ಆರತಿಗೂ ನಡುವೆ ಆ ಮಗುವಿಗೆ ಯಾರು, ಏನು ಹೇಳಿದರು? ಅದನ್ನು ಬರೆಯುವವರೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ನಮ್ಮ ಮಂಡ್ಯ ಕಡೆ ಶಾಸ್ತ್ರಕ್ಕೇನೂ ಕಡಿಮೆ ಇಲ್ಲ. ಸೋದರಮಾವ ಹಸಿ ತೆಂಗಿನ ಗರಿ ತಂದು ಗುಡ್ಲು ಹಾಕುತ್ತಾನೆ. ಒಳಗೆ ಹುಡುಗಿಗೆ ಚಾಪೆ ಬೇರೆ, ತಟ್ಟೆ ಲೋಟ ಬೇರೆ. ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ಹಸೆ ಮೇಲೆ ಕೂರಿಸಿ ಸೋಬಾನೆ ಹಾಡುತ್ತಾರೆ. ಏನಾಯಿತು ಅಂತ ಊರಿಗೆಲ್ಲ ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ. ‘ಅದು ಮುಟ್ಟಬೇಡ, ಹುಡುಗರ ಜೊತೆ ಆಡಬೇಡ’ ಅನ್ನುವುದಷ್ಟೇ ಅವಳಿಗೆ ಸಿಗುವ ಪಾಠ.

ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ‘ಕ್ಯಾರಿ’ ಕಾದಂಬರಿ 1974ರಲ್ಲಿ ಬಂತು. ಅದರಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ಶಾಲೆಯ ಸ್ನಾನದ ಕೋಣೆಯಲ್ಲಿ ಮೊದಲ ಸಲ ಮುಟ್ಟಾಗುತ್ತಾಳೆ. ರಕ್ತ ಸುರಿದು ಸತ್ತೇಹೋಗುತ್ತೇನೆ ಅಂದುಕೊಳ್ಳುತ್ತಾಳೆ. ಜೊತೆಯ ಹುಡುಗಿಯರು ಅವಳ ಮೇಲೆ ಪ್ಯಾಡ್ ಎಸೆದು ಗೇಲಿ ಮಾಡುತ್ತಾರೆ. ಇದೆಲ್ಲ ಪಾಪ ಎಂದು ನಂಬಿದ ತಾಯಿ ಮಗಳಿಗೆ ಒಂದು ಮಾತೂ ಹೇಳಿರುವುದಿಲ್ಲ. ಜನ ಇದನ್ನು ದೆವ್ವದ ಕಥೆಗಳ ಸಾಲಿಗೆ ಸೇರಿಸುತ್ತಾರೆ. ನನ್ನನ್ನು ನಡುಗಿಸಿದ್ದು ಆ ತಾಯಿಯ ಮೌನ. ಅದಕ್ಕೂ ಮೊದಲೇ, 1970ರಲ್ಲಿ, ಅಲ್ಲಿಯದೇ ಲೇಖಕಿ ಜೂಡಿ ಬ್ಲೂಮ್ ಮಕ್ಕಳ ಕಾದಂಬರಿಯೊಂದರಲ್ಲಿ ಮಾರ್ಗರೆಟ್ ಎಂಬ ಪುಟ್ಟ ಹುಡುಗಿಯ ಬಾಯಲ್ಲಿ ಮುಟ್ಟಿನ ವಿಷಯವನ್ನು ಮುಚ್ಚುಮರೆ ಇಲ್ಲದೆ ಮಾತಾಡಿಸಿದ್ದರು.

ನಮ್ಮಲ್ಲೂ ಧೈರ್ಯಕ್ಕೆ ಬರ ಇರಲಿಲ್ಲ. ಮೈಸೂರಿನ ತ್ರಿವೇಣಿಯವರು ಅರವತ್ತು ವರ್ಷಕ್ಕೂ ಹಿಂದೆ ‘ಶರಪಂಜರ’ದಲ್ಲಿ ಬಾಣಂತಿಯ ಮನಸ್ಸಿನ ಕಾಯಿಲೆಯನ್ನೇ ಬರೆದರು. ಅಷ್ಟು ಕಷ್ಟದ ವಿಷಯ ಬರೆಯಲು ಆಗುತ್ತದೆ ಅಂದರೆ, ಹತ್ತು ವರ್ಷದ ಮಗಳ ಪಕ್ಕ ಕೂತ ಅಮ್ಮನ ಮಾತು ಬರೆಯುವುದು ಕಷ್ಟವಾ, ಹೇಳಿ?

ಹೇಳಬೇಕಾದ್ದು ತುಂಬಾ ಸರಳ. ಎದೆ ಬೆಳೆಯಲು ಶುರುವಾದ ಎರಡು ಮೂರು ವರ್ಷಕ್ಕೆ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಅಂದರೆ ಹೇಳಲು ಬೇಕಾದಷ್ಟು ಟೈಮ್ ಇರುತ್ತದೆ. ಮೊದಲೆರಡು ವರ್ಷ ದಿನಗಳು ಹಿಂದೆ ಮುಂದೆ ಆಗಬಹುದು. ಇನ್ನು ರಕ್ತ. ನೋಡಿದರೆ ಜಾಸ್ತಿ ಅನ್ನಿಸುತ್ತದೆ, ಆದರೆ ಒಂದು ಮುಟ್ಟಿನಲ್ಲಿ ಹೋಗುವುದು ಸಾಮಾನ್ಯವಾಗಿ 30ರಿಂದ 40 ಮಿಲಿ, ದೊಡ್ಡ ಚಮಚದಲ್ಲಿ ಎರಡು ಮೂರು. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಎಷ್ಟು ಮಕ್ಕಳ ಹೆದರಿಕೆ ಇಳಿಯುತ್ತಿತ್ತು ಅಲ್ವಾ?

ಬರೆಯುವವರೇ, ನನಗೆ ಬೇಕಾದ ದೃಶ್ಯ ಇದು. ಮದ್ದೂರಿನ ಒಂದು ಮನೆ. ಆರನೇ ಕ್ಲಾಸಿನ ಹುಡುಗಿ. ಇನ್ನೂ ಏನೂ ಆಗಿಲ್ಲ. ಅಮ್ಮ ಪ್ಯಾಡ್ ಬಿಚ್ಚಿ, ಚಡ್ಡಿಗೆ ಹೇಗೆ ಅಂಟಿಸಬೇಕು ಅಂತ ತೋರಿಸುತ್ತಿದ್ದಾಳೆ. ಹುಡುಗಿ ‘ಸ್ಕೂಲಲ್ಲಿ ಆದ್ರೆ?’ ಅನ್ನುತ್ತಾಳೆ. ಅಪ್ಪ ಎದ್ದು ಹೊರಗೆ ಹೋಗುವುದು ಬೇಡ. ಅಲ್ಲೇ ಇರಲಿ, ‘ಬ್ಯಾಗಲ್ಲಿ ಒಂದು ಇಟ್ಕೊಂಡಿರು ಮಗಾ’ ಅನ್ನಲಿ.