ಬಾಯಿಗೆಷ್ಟು, ಬುಟ್ಟಿಗೆಷ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ತೋಟಕ್ಕೆ ಹೋಗಿ, ನಮ್ಮ ಕೈಯಾರೆ ಹಣ್ಣು ಕಿತ್ತು, ತೂಕ ಮಾಡಿಸಿ, ದುಡ್ಡು ಕೊಟ್ಟು ಮನೆಗೆ ತರುವ ಪದ್ಧತಿ ಒಂದಿದೆ. ಅಮೆರಿಕದಲ್ಲಿ ಇಂಥ ತೋಟಕ್ಕೆ ‘ಯು-ಪಿಕ್’ ಅಂತಾರೆ. ಇಂಗ್ಲೆಂಡಿನಲ್ಲಿ ‘ಪಿಕ್ ಯುವರ್ ಓನ್’ ಅಂತಾರೆ. ಹೆಸರು ಏನೇ ಇರಲಿ, ಮರದ ಕೆಳಗೆ ನಿಂತವರಿಗೆಲ್ಲ ಬರುವ ಪ್ರಶ್ನೆ ಒಂದೇ. ಕೀಳುತ್ತಾ ಕೀಳುತ್ತಾ ಒಂದೆರಡು ಬಾಯಿಗೆ ಹಾಕಿಕೊಳ್ಳಬಹುದಾ? ಹಾಕಿಕೊಂಡರೆ ಎಷ್ಟು?

ನಾನು ಮಗಳ ಮನೆಗೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಫ್ರೀಮಾಂಟ್ ಊರಲ್ಲಿ ಅವರ ವಾಸ. ಮೇ ತಿಂಗಳ ಕೊನೆಯ ಒಂದು ಶನಿವಾರ ಬೆಳಗ್ಗೆ ಎಲ್ಲರೂ ಕಾರು ಹತ್ತಿ ಬ್ರೆಂಟ್‌ವುಡ್‌ಗೆ ಹೋದೆವು. ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಸುಮಾರು 90 ಕಿಲೋಮೀಟರ್ ದೂರದ ಊರು ಅದು. ಮೇ, ಜೂನ್ ಬಂತೆಂದರೆ ಅಲ್ಲಿ ಚೆರ್ರಿ ಹಣ್ಣಿನ ಜಾತ್ರೆ. ದಾರಿಯ ಎರಡೂ ಕಡೆ ತೋಟಗಳು, ತೋಟದ ಬಾಯಲ್ಲಿ ಬೋರ್ಡುಗಳು, ಕಾರುಗಳ ಸಾಲು. ನಮ್ಮ ಪಕ್ಕದ ಸಾಲಿನಲ್ಲಿ ತೆಲುಗು ಕೇಳಿಸುತ್ತಿತ್ತು, ಹಿಂದಿನ ಸಾಲಿನಲ್ಲಿ ಕನ್ನಡವೂ ಕೇಳಿಸಿತು.

ನಾವು ಹೋದ ತೋಟದಲ್ಲಿ ಒಂದು ಬೋರ್ಡು ಹಾಕಿದ್ದರು. ಕೀಳುವಾಗ ತಿನ್ನಿ, ಹಣ್ಣು ಹಾಳು ಮಾಡಬೇಡಿ ಅಂತ ಅದರ ಅರ್ಥ. ಮೊಮ್ಮಗ ಓದಿ ಹೇಳಿದ. ನನಗೆ ತಕ್ಷಣ ನೆನಪಾಗಿದ್ದು ಧಾರವಾಡದ ಕಡೆಯ ನಮ್ಮ ಹೊಲ.

ನಮ್ಮ ಕಡೆ ಚಳಿಗಾಲದಲ್ಲಿ ಕಡಲೆ ಗಿಡ ಹಸಿರು ಕಾಯಿ ಹಿಡಿಯುತ್ತದೆ. ಅದಕ್ಕೆ ಸುಲಗಾಯಿ ಅಂತೀವಿ. ದಾರಿಯಲ್ಲಿ ಹೋಗುವವರು ಒಂದು ಗಿಡ ಕಿತ್ತು, ಕಾಯಿ ಸುಲಿದು ತಿನ್ನುತ್ತಾ ಹೋಗುತ್ತಾರೆ. ಹೊಲದವರು ಕಂಡರೂ ಬೈಯುವುದಿಲ್ಲ. ಎಳೆ ಜೋಳದ ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ತಿನ್ನುವ ಸೀತನಿಗಂತೂ ಕರೆದೇ ಕೂಡಿಸುತ್ತಾರೆ. ಹೊಲದಲ್ಲಿ ಕೂತು ಹೊಟ್ಟೆ ತುಂಬ ತಿಂದರೆ ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಉಡಿ ತುಂಬಿಕೊಂಡು ಎದ್ದರೆ ಅದು ಕಳವು. ನಮ್ಮ ಅವ್ವ ಇದನ್ನು ಬಾಯಿಬಿಟ್ಟು ಹೇಳಿಕೊಟ್ಟವಳಲ್ಲ. ಹೊಲದಿಂದ ಏಳುವಾಗ ನಮ್ಮ ಲಂಗದ ಉಡಿ ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ಇದು ನಮ್ಮಲ್ಲಿ ಮಾತ್ರ ಇರುವ ರೂಢಿ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲೂ ಇದೇ ಮಾತಿದೆ. ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಕೊನೆಗೆ ಬರುತ್ತದೆ. ನೆರೆಯವನ ದ್ರಾಕ್ಷಿ ತೋಟಕ್ಕೆ ಹೋದಾಗ ಮನಸ್ಸು ತಣಿಯುವಷ್ಟು ತಿನ್ನಬಹುದು, ಪಾತ್ರೆಯಲ್ಲಿ ತುಂಬಿಕೊಳ್ಳಬಾರದು. ನೆರೆಯವನ ಹೊಲದಲ್ಲಿ ತೆನೆಯನ್ನು ಕೈಯಿಂದ ಮುರಿಯಬಹುದು, ಕುಡುಗೋಲು ಹಾಕಬಾರದು. ಎಲ್ಲಿಯ ಊರು, ಎಲ್ಲಿಯ ಕಾಲ! ಆದರೂ ಅವ್ವನ ಲೆಕ್ಕವೇ ಅಲ್ವಾ ಇದು?

ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಹೊಲದಲ್ಲಿ ದಾರಿಹೋಕ ಗಿರಾಕಿ ಅಲ್ಲ. ರೈತ ಬೆಳೆಯನ್ನು ಬೇರೆ ಕಡೆ ಮಾರುತ್ತಾನೆ, ದಾರಿಹೋಕನಿಗೆ ಒಂದು ಗಿಡ ಬಿಡುತ್ತಾನೆ. ಚೆರ್ರಿ ತೋಟದವರಿಗೆ ನಾವೇ ಮಾರುಕಟ್ಟೆ. ನಾವು ತೂಕಕ್ಕೆ ಇಟ್ಟಷ್ಟೇ ಅವರ ದುಡಿಮೆ. ಒಂದು ಚೆರ್ರಿ ಹಣ್ಣು ಸುಮಾರು 8ರಿಂದ 10 ಗ್ರಾಂ ತೂಗುತ್ತದೆ. ಐವತ್ತು ಹಣ್ಣು ತಿಂದರೆ ಹತ್ತಿರ ಹತ್ತಿರ ಅರ್ಧ ಕಿಲೋ. ಮಾತಾಡುತ್ತಾ ಐವತ್ತು ಹಣ್ಣು ತಿನ್ನುವುದು ಏನೂ ಕಷ್ಟವಿಲ್ಲ. ಮನೆಯಲ್ಲಿ ಐದು ಜನ ಇದ್ದರೆ ಎರಡು ಕಿಲೋ ದಾಟಿತು. ಅಷ್ಟು ತಿಂದು, ಕೊನೆಗೆ ಅಂಗೈಯಗಲದ ಡಬ್ಬಿಯಲ್ಲಿ ಕಾಲು ಕಿಲೋ ಹಿಡಿದು ತಕ್ಕಡಿಯ ಮುಂದೆ ನಿಂತರೆ, ತೋಟದವರು ನಕ್ಕು ಕಳಿಸಬಹುದು. ಆದರೆ ಮುಂದಿನ ವರ್ಷ ಆ ಬೋರ್ಡು ಇರುವುದಿಲ್ಲ. ಈಗಾಗಲೇ ಎಷ್ಟೋ ತೋಟಗಳಲ್ಲಿ ಒಳಗೆ ಬಿಡುವುದಕ್ಕೇ ತಲೆಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವು ಕಡೆ ತೂಕ ಆಗುವವರೆಗೆ ಒಂದೂ ತಿನ್ನಬಾರದು. ಅದಕ್ಕೇ ಬಾಗಿಲಲ್ಲೇ ಕೇಳಿಬಿಡಬೇಕು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತಿನ್ನಲು ಬಿಡುವುದಕ್ಕೆ ಒಳ್ಳೆಯ ಕಾರಣವೂ ಇದೆ. ಚೆರ್ರಿ ಹಣ್ಣು ಕಿತ್ತ ಮೇಲೆ ಮಾಗುವುದಿಲ್ಲ. ಮಾವಿನ ಹಾಗೆ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವ ಹಾಗಿಲ್ಲ. ಮರದಲ್ಲಿ ಎಷ್ಟು ಸಿಹಿಯೋ ಅಷ್ಟೇ. ಸ್ಟ್ರಾಬೆರಿಯೂ ಹೀಗೆಯೇ. ಒಂದು ಮರದ ಹಣ್ಣು ಇದ್ದಂತೆ ಪಕ್ಕದ ಮರದ್ದು ಇರುವುದಿಲ್ಲ. ಒಂದೇ ಮರದಲ್ಲಿ ಬಿಸಿಲ ಕಡೆಯದು ಬೇರೆ, ನೆರಳ ಕಡೆಯದು ಬೇರೆ. ಆದ್ದರಿಂದ ಬುಟ್ಟಿ ತುಂಬುವ ಮೊದಲು ಒಂದು ತಿಂದು ನೋಡಬೇಕಾಗುತ್ತದೆ. ಹಿಡಿಸಿದರೆ ಅಲ್ಲೇ ನಿಂತು ಕೀಳಬೇಕು. ರುಚಿ ನೋಡುವುದು ಅಂದರೆ ಇದು. ಊಟದ ಬದಲಿಗೆ ಹಣ್ಣು ತಿನ್ನಲು ಹಸಿದುಕೊಂಡು ಹೋಗುವುದು ಬೇರೆ ಮಾತು. ಮಗಳು ಅವತ್ತು ಮನೆಯಲ್ಲೇ ಎಲ್ಲರಿಗೂ ಅವಲಕ್ಕಿ ತಿನ್ನಿಸಿ ಹೊರಡಿಸಿದ್ದಳು. ಅದು ನನಗೆ ಬಹಳ ಇಷ್ಟವಾಯಿತು.

ಈಗ ನನ್ನ ಮನಸ್ಸು ನೋಯಿಸಿದ ಸಂಗತಿ ಹೇಳುತ್ತೇನೆ. ನಮ್ಮಿಂದ ನಾಲ್ಕು ಮರದ ಆಚೆ ಒಂದು ಗುಂಪು ಇತ್ತು. ದೊಡ್ಡವರೇ. ಕೆಂಪು ಹಳದಿ ಬೆರೆತ ರೇನಿಯರ್ ಅನ್ನುವ ತಳಿಯ ಮರ. ಒಂದು ಕಿತ್ತು ಅರ್ಧ ಕಚ್ಚುವುದು, ಕೆಳಗೆ ಹಾಕುವುದು. ಇನ್ನೊಂದು ಕೀಳುವುದು, ಕಚ್ಚುವುದು, ಹಾಕುವುದು. ಎಲ್ಲಕ್ಕಿಂತ ಸಿಹಿಯಾದದ್ದು ಸಿಗಲಿ ಅಂತ. ಅವರು ಹೋದ ಮೇಲೆ ನೋಡಿದರೆ ಮರದ ಬುಡದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಬಕೆಟ್ ತಂದು, ಬಗ್ಗಿ ಬಗ್ಗಿ ಆರಿಸತೊಡಗಿದಳು. ಅವಳ ಮಾತು ಸ್ಪ್ಯಾನಿಷ್, ಮೊಮ್ಮಗ ಅದನ್ನು ಶಾಲೆಯಲ್ಲಿ ಕಲಿಯುತ್ತಿದ್ದಾನೆ. ಯಾಕೆ ಆರಿಸುತ್ತೀರಿ ಅಂತ ಅವನ ಕೈಲಿ ಕೇಳಿಸಿದೆ. ನೊಣ ಬರುತ್ತದೆ ಅಂದಳು.

ಅದು ಸುಮ್ನೆ ಹೇಳಿದ ಮಾತಲ್ಲ. ಚುಕ್ಕೆ ರೆಕ್ಕೆಯ ಒಂದು ಸಣ್ಣ ಹಣ್ಣುನೊಣ ಇದೆ. ಏಷ್ಯಾದ ಮೂಲದ್ದು. ಕ್ಯಾಲಿಫೋರ್ನಿಯಾದಲ್ಲಿ ಅದು ಮೊದಲು ಕಂಡದ್ದು 2008ರಲ್ಲಿ. ಬೇರೆ ಹಣ್ಣುನೊಣಗಳು ಕೊಳೆತ ಹಣ್ಣಿಗೆ ಮುತ್ತುತ್ತವೆ. ಇದು ಮರದ ಮೇಲಿನ ಗಟ್ಟಿ ಹಣ್ಣಿಗೇ ಗರಗಸದಂಥ ಅಂಗದಿಂದ ತೂತು ಕೊರೆದು ಮೊಟ್ಟೆ ಇಡುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಚೆನ್ನಾಗಿಯೇ ಇರುತ್ತದೆ, ಒಳಗೆ ಹುಳು. ನೆಲದಲ್ಲಿ ಬಿದ್ದ ಹಣ್ಣಿನಲ್ಲೂ ಇದು ಬೆಳೆಯುತ್ತದೆ, ಅಲ್ಲಿಂದ ಮತ್ತೆ ಮರಕ್ಕೆ ಏರುತ್ತದೆ. ಅಂದರೆ ಹೊಟ್ಟೆಗೆ ಹೋದ ಹಣ್ಣಿನಿಂದ ತೋಟದವರಿಗೆ ಆ ಒಂದು ಹಣ್ಣಿನಷ್ಟೇ ನಷ್ಟ. ಅರ್ಧ ಕಚ್ಚಿ ಎಸೆದ ಹಣ್ಣಿನಿಂದ ಇನ್ನೂ ಕೀಳದ ಹಣ್ಣಿಗೂ ಅಪಾಯ. ನನಗೆ ಕೇಳಿದರೆ, ಹತ್ತು ಹಣ್ಣು ಪೂರ್ತಿ ತಿಂದವರಿಗಿಂತ ಎರಡು ಹಣ್ಣು ಕಚ್ಚಿ ಬಿಸಾಕಿದವರ ತಪ್ಪು ಜಾಸ್ತಿ. ಹುಳಿ ಬಂತಾ? ಬರಲಿ. ಬಾಯಿಗೆ ಹಾಕಿದ ಮೇಲೆ ತಿಂದು ಮುಗಿಸಬೇಕು.

ಕೀಳುವ ರೀತಿಯನ್ನೂ ಹೇಳಬೇಕು. ಚೆರ್ರಿ ಬಿಡುವುದು ಕೊಂಬೆಯ ಮೇಲೆ ಗಂಟಿನ ಹಾಗೆ ಇರುವ ಗಿಡ್ಡ ಕಡ್ಡಿಗಳಲ್ಲಿ. ಅದೇ ಕಡ್ಡಿ ಮುಂದಿನ ವರ್ಷವೂ ಹಣ್ಣು ಕೊಡುತ್ತದೆ, ಹತ್ತು ವರ್ಷದವರೆಗೂ ಕೊಡಬಹುದು. ಅವಸರದಲ್ಲಿ ಜಗ್ಗಿದರೆ ಆ ಗಂಟೇ ಕಿತ್ತು ಕೈಗೆ ಬರುತ್ತದೆ. ಹಣ್ಣನ್ನು ಹಿಡಿದು ಎಳೆಯಬಾರದು, ತೊಟ್ಟನ್ನು ಹಿಡಿದು ಮೆಲ್ಲಗೆ ತಿರುಚಿ ಬಿಡಿಸಬೇಕು. ತೊಟ್ಟು ಇದ್ದರೆ ಹಣ್ಣು ಮನೆಯಲ್ಲಿ ಹೆಚ್ಚು ದಿನ ಬಾಳುತ್ತದೆ. ಬಾಯಿಗೆ ಹಾಕಿಕೊಳ್ಳುವ ಆತುರದಲ್ಲೇ ಈ ತಪ್ಪು ಹೆಚ್ಚು ಆಗುವುದನ್ನು ನಾನು ನೋಡಿದೆ. ಮಕ್ಕಳಿಗೆ ಮೊದಲೇ ಒಂದು ತೋರಿಸಿಕೊಡಬೇಕು.

ಇನ್ನು ಎಂಜಲಿನ ಮಾತು. ನಮ್ಮ ಮನೆಗಳಲ್ಲಿ ಎಂಜಲು ಕೈಯಿಂದ ಪಾತ್ರೆ ಮುಟ್ಟಬಾರದು ಅಂತಾರೆ. ಮರಕ್ಕೂ ಇದೇ ನ್ಯಾಯ ಅಂತ ನನಗನ್ನಿಸುತ್ತದೆ. ಬಾಯಿಗೆ ಹೋದ ಬೆರಳಿಂದಲೇ ಹತ್ತು ಹಣ್ಣು ಮುಟ್ಟಿ ಬಿಟ್ಟರೆ, ಹಿಂದೆ ಬರುವವರು ಅದನ್ನೇ ತಿನ್ನುತ್ತಾರೆ. ತೋಟಗಳಲ್ಲಿ ಕೈ ತೊಳೆಯಲು ನೀರು, ಸೋಪು ಇಟ್ಟಿರುತ್ತಾರೆ. ಒಳಗೆ ಹೋಗುವ ಮೊದಲು ಕೈ ತೊಳೆಯಬೇಕು. ನಾನು ಒಂದು ಕೈಯನ್ನು ತಿನ್ನಲು, ಇನ್ನೊಂದನ್ನು ಕೀಳಲು ಇಟ್ಟುಕೊಂಡೆ. ಚೀಲದಲ್ಲಿ ಒಂದು ಬಾಟಲಿ ನೀರೂ ಇತ್ತು, ತಿನ್ನುವ ಹಣ್ಣಿನ ಮೇಲೆ ಹಾಕಿಕೊಳ್ಳಲು. ತೋಟದ ಹಣ್ಣು ಬಯಲಲ್ಲಿ ಬೆಳೆದದ್ದು. ಹಕ್ಕಿ, ಇಲಿ, ಜಿಂಕೆ ಎಲ್ಲ ಓಡಾಡುತ್ತವೆ. 2011ರಲ್ಲಿ ಆರೆಗನ್ ರಾಜ್ಯದಲ್ಲಿ ಸ್ಟ್ರಾಬೆರಿ ತಿಂದು ಜನ ಕಾಯಿಲೆ ಬಿದ್ದರು, ಸಾವೂ ಆಯಿತು. ಹೊಲಕ್ಕೆ ಬಂದ ಜಿಂಕೆಗಳ ಹಿಕ್ಕೆಯಿಂದ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಹಣ್ಣಿಗೆ ಹತ್ತಿತ್ತು ಅಂತ ಆಮೇಲೆ ಪತ್ತೆಯಾಯಿತು. ಸ್ಟ್ರಾಬೆರಿ ನೆಲಕ್ಕೆ ಹತ್ತಿಕೊಂಡೇ ಇರುವ ಹಣ್ಣು, ಅದಕ್ಕೆ ಎಚ್ಚರ ಇನ್ನೂ ಜಾಸ್ತಿ ಬೇಕು. ಯಾವ ಹಣ್ಣೇ ಆಗಲಿ, ನೆಲಕ್ಕೆ ಬಿದ್ದದ್ದನ್ನು ಮಕ್ಕಳ ಬಾಯಿಗೆ ಕೊಡಬೇಡಿ.

ಹಗ್ಗ ಕಟ್ಟಿದ ಸಾಲಿನೊಳಗೆ ಹೋಗಬಾರದು. ಔಷಧಿ ಹೊಡೆದ ಮೇಲೆ ಇಷ್ಟು ದಿನ ಕೀಳುವಂತಿಲ್ಲ ಅಂತ ಔಷಧಿಯ ಲೇಬಲ್ಲಿನ ಮೇಲೆ ಬರೆದಿರುತ್ತದೆ. ನಮ್ಮ ದೇಶದಲ್ಲೂ ಹಾಗೆಯೇ. ಹಗ್ಗದ ಆಚೆಯ ಹಣ್ಣು ಎಷ್ಟೇ ಕೆಂಪಾಗಿ ಕಾಣಲಿ, ಆ ದಿನಗಳು ಇನ್ನೂ ಮುಗಿದಿಲ್ಲದೇ ಇರಬಹುದು.

ಅವತ್ತು ನಾವು ಹೆಚ್ಚು ಕಿತ್ತದ್ದು ಬಿಂಗ್ ಚೆರ್ರಿ. ಕಪ್ಪಗೆ ಮಿರುಗುವ ಕೆಂಪು, ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಇದು ಹುಟ್ಟಿದ್ದು 1875ರ ಹೊತ್ತಿಗೆ ಆರೆಗನ್‌ನ ಮಿಲ್ವಾಕಿ ಅನ್ನುವ ಊರಿನ ತೋಟವೊಂದರಲ್ಲಿ. ಆ ತೋಟದ ಕೆಲಸಗಾರರ ಮೇಸ್ತ್ರಿಯಾಗಿದ್ದ ‘ಆಹ್ ಬಿಂಗ್’ ಅನ್ನುವ ಚೀನೀಯನ ಹೆಸರೇ ಹಣ್ಣಿಗೆ ಬಂತು. ಮುಂದೆ ಅವನು ತನ್ನವರನ್ನು ನೋಡಲು ಚೀನಾಕ್ಕೆ ಹೋದ. ಚೀನೀ ಕೆಲಸಗಾರರು ಅಮೆರಿಕಕ್ಕೆ ಬರಬಾರದು ಅಂತ 1882ರಲ್ಲೇ ಕಾನೂನು ಆಗಿತ್ತು. ಅವನಿಗೆ ವಾಪಸ್ ಬರಲು ಆಗಲಿಲ್ಲ ಅಂತ ಹೇಳುತ್ತಾರೆ. ಅಳಿಯ ಈ ಕಥೆ ಹೇಳುವಾಗ ನನ್ನ ಬಾಯಲ್ಲಿ ಅದೇ ಹಣ್ಣಿತ್ತು. ಆಮೇಲೆ ಆ ಮರದಲ್ಲಿ ಅವಸರದಿಂದ ಕೀಳಲು ನನಗೆ ಆಗಲಿಲ್ಲ.

ನಮ್ಮಲ್ಲೂ ಇಂಥದ್ದು ಬಂದಿದೆ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದವರು ಹಣ್ಣಿನ ಕಾಲದಲ್ಲಿ ಬೆಂಗಳೂರಿನ ಜನರನ್ನು ಬಸ್ಸಿನಲ್ಲಿ ರಾಮನಗರ, ಕೋಲಾರ ಕಡೆಯ ಮಾವಿನ ತೋಪುಗಳಿಗೆ ಕರೆದುಕೊಂಡು ಹೋಗಿದ್ದಾರೆ. ಮಾವಿನ ನಡವಳಿಕೆಯೇ ಬೇರೆ. ಕೀಳುವುದು ಬಲಿತ ಕಾಯಿ, ಹಣ್ಣಾಗುವುದು ಮನೆಯಲ್ಲಿ. ಕಿತ್ತ ಕೂಡಲೇ ತೊಟ್ಟಿನಿಂದ ಸೊನೆ ಚಿಮ್ಮುತ್ತದೆ. ತುಟಿಗೆ ತಾಗಿದರೆ ಸುಡುತ್ತದೆ, ಕಾಯಿಗೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಅಲ್ಲಿ ಕಚ್ಚಿ ನೋಡುವ ಮಾತೇ ಬೇಡ. ರುಚಿ ಬೇಕಾದರೆ ತೋಪಿನವರನ್ನೇ ಕೇಳಿ. ಹಣ್ಣಾದದ್ದೊಂದು ಇದ್ದರೆ ಹೆಚ್ಚಿ ಕೊಡುತ್ತಾರೆ.

ಬ್ರೆಂಟ್‌ವುಡ್‌ನಲ್ಲಿ ತಕ್ಕಡಿಯ ಹತ್ತಿರ ಬಂದಾಗ ನಮ್ಮ ಬಕೆಟ್ಟು ಮುಕ್ಕಾಲು ತುಂಬಿತ್ತು. ನಾವು ತಿಂದದ್ದೂ ಕಡಿಮೆಯೇನಲ್ಲ, ಮೊಮ್ಮಗನ ಅಂಗಿಯೇ ಹೇಳುತ್ತಿತ್ತು. ಇನ್ನೊಂದು ಸ್ವಲ್ಪ ಕಿತ್ತು ತರೋಣ ಅಂತ ನಾನೇ ಮಗಳಿಗೆ ಹೇಳಿದೆ. ‘ಅವ್ವಾ, ಇಷ್ಟು ಯಾರು ತಿಂತಾರ?’ ಅಂದಳು. ಪಕ್ಕದ ಮನೆಯವರಿಗೆ ಕೊಡು ಅಂದೆ. ಕೊಟ್ಟಳು ಕೂಡ.

ಮೊಮ್ಮಗ ಈ ಡಿಸೆಂಬರ್ ರಜೆಗೆ ಊರಿಗೆ ಬರುತ್ತಿದ್ದಾನೆ. ಆ ಹೊತ್ತಿಗೆ ನಮ್ಮ ಹೊಲದಲ್ಲಿ ಸುಲಗಾಯಿ ಬಂದಿರುತ್ತದೆ. ಅಪ್ಪ ಇದ್ದಾಗ ಬಿತ್ತುವ ದಿನವೇ ದಾರಿ ಬದಿಯ ಎರಡು ಸಾಲನ್ನು ಲೆಕ್ಕದಿಂದ ಬಿಟ್ಟುಬಿಡುತ್ತಿದ್ದರು, ಅವು ಹೋಗಿಬರುವವರದು ಅಂತ. ತಮ್ಮ ಈಗಲೂ ಹಾಗೆಯೇ ಬಿಡುತ್ತಾನೆ. ಆ ಎರಡು ಸಾಲು ಯಾವುದು ಅಂತ ಹುಡುಗನಿಗೆ ತೋರಿಸಬೇಕು.

ನಮಸ್ಕಾರ.