ಯಾತಕ್ಕೆ ಬೇಕಾಗಿತ್ರಿ?

ಕೇಳುಗರಿಗೆಲ್ಲ ನಮಸ್ಕಾರ. ಅದರಲ್ಲೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, ಕಸ ಗುಡಿಸಿ ಪೇಪರು ಹರಡಿ ಕೂತಿರುವ ಮೇಲ್ವಿಚಾರಕರೇ, ಈ ಮಾತು ನಿಮಗೆ.

ಜನ ಮಾಹಿತಿಯನ್ನು ಹೇಗೆ ಹುಡುಕುತ್ತಾರೆ ಅನ್ನೋದಕ್ಕೆ ನಮ್ಮ ಗ್ರಂಥಾಲಯ ಶಾಸ್ತ್ರದಲ್ಲಿ ಹತ್ತಾರು ಮಾದರಿಗಳಿವೆ. ಬರೀ ಚೌಕ, ಬಾಣ. ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತೇವೆ, ಅಲ್ಲಿಗೆ ಮುಗಿಯಿತು. ನನಗೆ ಒಂದೇ ಸಾಕು, 1968ರಲ್ಲಿ ಅಮೆರಿಕದ ರಾಬರ್ಟ್ ಟೇಲರ್ ಹೇಳಿದ್ದು. ಬೇಕು ಅನ್ನೋದು ಮೊದಲು ಹೊಟ್ಟೆಯೊಳಗಿನ ತಳಮಳ. ಆಮೇಲೆ ಮಸುಕುಮಸುಕಾಗಿ ಹೊಳೆಯುತ್ತದೆ. ಆಮೇಲೆ ಮಾತಾಗುತ್ತದೆ. ಕೊನೆಗೆ, ‘ಇವರ ಹತ್ತಿರ ಏನು ಸಿಕ್ಕೀತು’ ಅಂತ ಅಂದಾಜು ಮಾಡಿ, ಮೊಟಕು ಮಾಡಿದ ಪ್ರಶ್ನೆ ನಿಮ್ಮ ಮೇಜಿಗೆ ಬರುತ್ತದೆ. ಕೇಳೋದು ನಾಲ್ಕನೆಯದು, ಬೇಕಾಗಿರೋದು ಮೊದಲನೆಯದು!

ನಾನು ಕೆಲಸಕ್ಕೆ ಸೇರಿದ ಹೊಸತು, ಧಾರವಾಡದ ಕಡೆ. ಒಬ್ಬ ಯಜಮಾನರು ಬಂದರು. ಪಟಕಾ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. “ಸರ, ಕಾಯ್ದೆ ಬುಕ್ಕ ಐತೇನ್ರಿ?” ನನಗೋ ಹುರುಪು. ಇದ್ದುದರಲ್ಲೇ ದಪ್ಪನೆಯದು ತೆಗೆದುಕೊಟ್ಟೆ. ಪಾಪ, ಒಂದು ತಾಸು ಹಾಳೆ ತಿರುವಿದರು. ಚಿತ್ರವೂ ಇಲ್ಲ ಅದರಲ್ಲಿ. ಎದ್ದು, ಪುಸ್ತಕವನ್ನು ಹಣೆಗೆ ಒತ್ತಿಕೊಂಡು, ಮೇಜಿನ ಮೇಲಿಟ್ಟು ಹೊರಟರು. ಆಗ ನನಗೆ ಬುದ್ಧಿ ಬಂತು. “ಯಜಮಾನ್ರ, ಯಾತಕ್ಕ ಬೇಕಾಗಿತ್ರಿ?” ಚೀಲ ಬಿಚ್ಚಿದರು. ನಾಲ್ಕು ಮಡಿಕೆ ಮಾಡಿದ ಉತಾರ, ಅಂದರೆ ಹೊಲದ ಪಹಣಿ. “ಅಪ್ಪ ಸತ್ತು ಮೂರು ವರ್ಷಾತ್ರಿ. ಇನ್ನೂ ಅವನ ಹೆಸರ ಐತಿ.”

ಬೇಕಾಗಿದ್ದದ್ದು ಕಾಯ್ದೆಯಲ್ಲ, ವಾರಸಾ! ಸತ್ತವರ ಹೆಸರಿನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸೋದು. ಮೈಸೂರು ಕಡೆಯವರು ಪೌತಿ ಖಾತೆ ಅನ್ನುತ್ತಾರಲ್ಲ, ಅದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಒಂದು ಅರ್ಜಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿಕ್ಕೆ ಎರಡು ನಿಮಿಷ ಹಿಡಿಯಿತು. ಒಂದು ತಾಸು ಅವರನ್ನು ಸುಮ್ಮನೆ ಕೂರಿಸಿದ್ದೆ.

ಹಾಗಾಗಿ, ಕಪಾಟಿನ ಕಡೆ ಕೈ ತೋರಿಸುವ ಮೊದಲು ಕೇಳಿ: ಯಾತಕ್ಕೆ ಬೇಕಾಗಿತ್ತು? ತರಬೇತಿಯಲ್ಲಿ ನೂರು ಸಲ ಹೇಳಿದ್ದೇನೆ, ಮತ್ತೂ ಹೇಳುತ್ತೇನೆ.

ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಜನ ಮಾಹಿತಿ ಹಂಚಿಕೊಳ್ಳುವುದರ ಬಗ್ಗೆಯೂ ಹೇಳಬೇಕಿತ್ತು, ಒಂದೇ ಮಾತು. ಎಲ್ಫ್ರೀಡಾ ಚಾಟ್‌ಮನ್ ಎಂಬ ಸಂಶೋಧಕಿ ಕಸ ಗುಡಿಸುವವರು, ಜೈಲಿನ ಹೆಂಗಸರು ಇಂಥವರ ನಡುವೆ ಅಧ್ಯಯನ ಮಾಡಿ ಕಂಡದ್ದು: ಆಡಿಕೊಳ್ಳುವವರ ಭಯಕ್ಕೆ ಜನ ತಮ್ಮ ಕಷ್ಟವನ್ನೇ ಮುಚ್ಚಿಡುತ್ತಾರೆ. ನಿಮ್ಮ ಮೇಜು ಪೇಪರು ಓದುವವರ ಮಗ್ಗುಲಲ್ಲೇ ಇದ್ದರೆ, ದಯವಿಟ್ಟು ನಾಳೆಯೇ ಆಚೆ ಸರಿಸಿ. ನಮಸ್ಕಾರ.