ದಾಕ್ಷಿಣ್ಯಕ್ಕೆ ಹಾಕಿದ ಸೈನು

ಎಲ್ಲರಿಗೂ ನಮಸ್ಕಾರ ರೀ. ಹಿಂದೆ ನಿಂತಿರೋರು ಬನ್ನಿ, ಮುಂದೆ ಕುರ್ಚಿ ಖಾಲಿ ಅದಾವೆ, ಕೂತ್ಕೊಂಡು ಮಾತಾಡೋಣ. ನಾನು ಇದೇ ದಾವಣಗೆರೆಲಿ ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರು ಕೆಲಸ ಮಾಡ್ತಿರೋಳು, ಹುಟ್ಟಿದ್ದು ಚಳ್ಳಕೆರೆ ಕಡೆ ಒಂದು ಹಳ್ಳಿ. ಡಾಕ್ಟ್ರಲ್ಲ, ಕೌನ್ಸೆಲರ್ ಅಲ್ಲ, ಬೇಡ ಅನ್ನೋಕಾಗದೆ ದಾಕ್ಷಿಣ್ಯಕ್ಕೆ ಹೂಂ ಅನ್ನೋ ಈ ವಿಷಯ ಓದ್ಕೊಂಡಿದ್ದೀನಿ, ಅದಕ್ಕಿಂತ ಜಾಸ್ತಿ ಅನುಭವಿಸಿದ್ದೀನಿ, ಅಷ್ಟೇ ನನ್ನ ಅರ್ಹತೆ.

ಒಂದು ಸೈನಿನ ಕತೆ ಹೇಳ್ತೀನಿ. ಸುಮಾರು ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಸಂಬಂಧದಲ್ಲಿ ಅಣ್ಣ ಆಗಬೇಕಾದೋರು ಮನೆಗೆ ಬಂದ್ರು, ಮಕ್ಕಳಿಗೆ ಬಿಸ್ಕೆಟ್ ತಂದಿದ್ರು, ಉಪ್ಪಿಟ್ಟು ತಿಂದ್ರು, ಅಪ್ಪನ ಆರೋಗ್ಯ ಕೇಳಿದ್ರು, ಎಲ್ಲಾ ಆದ್ಮೇಲೆ ಬ್ಯಾಗಿಂದ ಒಂದು ಫಾರಂ ತೆಗೆದ್ರು. ನಾಲ್ಕು ಲಕ್ಷದ ಸಾಲ, ಜಾಮೀನಿಗೆ ಒಬ್ಬರು ಸಂಬಳದೋರು ಬೇಕು, "ಸುಮ್ನೆ ಒಂದು ಸೈನು ಕಣಮ್ಮ, ಫಾರ್ಮಾಲಿಟಿ". ನನ್ನ ಹೊಟ್ಟೆ ಒಳಗೆ ಏನೋ ಹಿಂಡಿದಂಗಾತು. ಬೇಡ ಅಂತ ಮನಸ್ಸು ಹೇಳ್ತಾ ಇತ್ತು, ಬಾಯಿ ಮಾತ್ರ "ಅಯ್ಯೋ ಅದಕ್ಕೇನಂತೆ ಕೊಡಣ್ಣ" ಅಂತು. ಪೆನ್ನೂ ನಾನೇ ಹುಡುಕಿ ತಂದೆ! ಹದಿನಾಲ್ಕು ತಿಂಗಳಿಗೆ ನೋಟಿಸ್ ಬಂತು, ಆಮೇಲೆ ಮೂರು ವರ್ಷ ನನ್ನ ಸಂಬಳದಲ್ಲಿ ಕಟ್ ಆತು.

ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲ್ಲ, 1872ರ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ಸಾಲ ತಗೊಂಡೋರಿಗೆ ಎಷ್ಟು ಹೊಣೆಯೋ ಜಾಮೀನು ಹಾಕಿದೋರಿಗೂ ಅಷ್ಟೇ ಹೊಣೆ, ಬೇರೆ ಥರ ಬರ್ಕೊಂಡಿಲ್ಲ ಅಂದ್ರೆ. ಕಾಯ್ದೆಗೆ ದಾಕ್ಷಿಣ್ಯ ಅನ್ನೋ ಪದ ಗೊತ್ತಿಲ್ಲ. ಮನಸ್ಸಿಲ್ಲದೆ ಹಾಕಿದ ಸೈನೂ ಸೈನೇ.

ಆ ಮೂರು ವರ್ಷ ನಾನು ಅವರನ್ನ ಬೈಕೊಂಡೇ ಕಳೆದೆ, ಮೋಸ ಮಾಡಿದ್ರು ಅಂತ ಕಂಡಕಂಡೋರ ಹತ್ರ ಹೇಳ್ಕೊಂಡೆ. ನಿಧಾನಕ್ಕೆ ಒಂದು ಮಾತು ಅರ್ಥ ಆತು, ಅದು ಅರ್ಥ ಆದ ದಿನ ರಾತ್ರಿ ನಿದ್ದೆ ಬರ್ಲಿಲ್ಲ. ಅವರು ಕೇಳಿದ್ರು. ಕೇಳೋದು ತಪ್ಪಲ್ಲ, ಕಷ್ಟ ಇದ್ದೋರು ಕೇಳ್ತಾರೆ. ಸುಳ್ಳು ಹೇಳಿದ್ದು ನಾನು. ಇಷ್ಟ ಇಲ್ಲದ್ದನ್ನ ಇಷ್ಟ ಅಂತ ಮುಖದ ಮೇಲೆ ನಗು ಇಟ್ಕೊಂಡು ಹೇಳಿದ್ದು ನಾನು. ಅವತ್ತಿನ ತನಕ ನಾನು ಬಹಳ ಕರುಣೆ ಇರೋಳು ಅಂತ ತಿಳ್ಕೊಂಡಿದ್ದೆ ರೀ. ಅದು ಕರುಣೆ ಆಗಿದ್ರೆ ಕೊಟ್ಟ ಮೇಲೆ ಮನಸ್ಸು ಹಗುರ ಆಗ್ಬೇಕಿತ್ತು. ನನಗೆ ಆದದ್ದು ಭಯ, ಅಣ್ಣ ಮುಖ ಸಪ್ಪಗೆ ಮಾಡ್ಕೊಂಡು ಎದ್ದು ಹೋಗ್ಬಿಡ್ತಾರೆ, ಊರಲ್ಲಿ ನಾಲ್ಕು ಜನ "ಕೆಲಸ ಸಿಕ್ಕಿದ್ದೇ ತಲೆ ತಿರುಗೇತಿ" ಅಂತಾರೆ ಅನ್ನೋ ಭಯ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳೋರು, ಚಿಕ್ಕವಳಿದ್ದಾಗ ಕೇಳಿ ನಾಚಿಕೊಂಡಿದ್ದೆ, ಈಗ ಆ ಮಾತಲ್ಲಿ ಎಷ್ಟು ಹೆಣ್ಣುಮಕ್ಕಳ ಹೊಟ್ಟೆಯುರಿ ಇದ್ದೀತು ಅಂತ ಯೋಚ್ನೆ ಮಾಡ್ತೀನಿ.

ಇದು ಎಲ್ಲಿಂದ ಬರುತ್ತೆ? ನನ್ನ ಮಟ್ಟಿಗೆ ಅಪ್ಪನ ಸೈಕಲ್ ಸ್ಟ್ಯಾಂಡ್ ಸದ್ದಿಂದ ಬಂತು. ಅಪ್ಪ ಕೆಟ್ಟೋರಲ್ಲ, ಶೇಂಗಾ ಬೆಳೆಗೆ ರೇಟ್ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ ಸಿಟ್ಟು ಜಾಸ್ತಿ ಇರ್ತಿತ್ತು. ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಇವತ್ತು ಮನೆ ಹೆಂಗಿರುತ್ತೆ ಅಂತ ನನಗೆ ಗೊತ್ತಾಗ್ತಿತ್ತು, ಜೋರಾಗಿ ಬಡಿದ್ರೆ ಓಡಿಹೋಗಿ ನೀರು ಕೊಡೋದು, ತಮ್ಮನ್ನ ಸುಮ್ನಿರಿಸೋದು, ನಗ್ತಾ ಓಡಾಡೋದು. ಆರು ವರ್ಷದ ಮಗು ಇಡೀ ಮನೆ ಹವಾಮಾನ ನೋಡ್ಕೊಳ್ತಾ ಇತ್ತು. ಎಲ್ಲರೂ "ಎಷ್ಟು ಶಾಣ್ಯಾಳು" ಅಂತ ಹೊಗಳಿದ್ರು.

ಅಪಾಯ ಕಂಡ್ರೆ ದೇಹ ಹೊಡೆದಾಟಕ್ಕೋ ಓಟಕ್ಕೋ ಸಿದ್ಧ ಆಗುತ್ತೆ ಅಂತ ವಾಲ್ಟರ್ ಕ್ಯಾನನ್ ಅನ್ನೋ ಅಮೆರಿಕದ ವಿಜ್ಞಾನಿ ನೂರು ವರ್ಷದ ಹಿಂದೆಯೇ ಹೇಳಿದ್ರು. ಆಮೇಲೆ ಬಂದೋರು ಅದಕ್ಕೆ ಇನ್ನೆರಡು ಸೇರಿಸಿದ್ರು, ಮರಗಟ್ಟಿ ನಿಲ್ಲೋದು ಒಂದು, ಎದುರಿಗಿರೋರನ್ನ ಓಲೈಸೋದು ಇನ್ನೊಂದು. ಹೊಡೆಯೋಕೆ ಆಗದ, ಓಡೋಕೂ ಜಾಗ ಇಲ್ಲದ ಮಗುಗೆ ಓಲೈಸೋದೊಂದೇ ದಾರಿ. ಹಾಗಾಗಿ ನಿಮಗೆ ಈ ಸ್ವಭಾವ ಇದ್ರೆ ದಯವಿಟ್ಟು ನಿಮ್ಮನ್ನ ನೀವು ಹೇಡಿ ಅಂತ ಬೈಕೋಬೇಡ್ರಿ. ಒಂದು ಕಾಲಕ್ಕೆ ಅದು ನಿಮ್ಮನ್ನ ಕಾಪಾಡಿದೆ. ಸೈಕಲ್ ಹೋಗಿ ಎಷ್ಟೋ ವರ್ಷ ಆದ್ರೂ ನಾವು ಇನ್ನೂ ಆ ಸದ್ದಿಗೆ ಎದ್ದು ಓಡ್ತಾ ಇದ್ದೀವಿ, ಕಷ್ಟ ಇರೋದು ಅಲ್ಲಿ.

ಒಂದು ಪ್ರಯೋಗನೂ ಹೇಳ್ಬೇಕು. 1951ರಲ್ಲಿ ಸಾಲೊಮನ್ ಆ್ಯಶ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ರೂಮಲ್ಲಿ ಕೆಲವು ಹುಡುಗರನ್ನ ಕೂರಿಸಿ ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಲಿ ಇದಕ್ಕೆ ಸಮ ಯಾವುದು ಅಂತ ಕೇಳಿದ್ರು. ಕಣ್ಣಿದ್ದೋರು ಯಾರು ಬೇಕಾದ್ರೂ ಹೇಳೋವಂಥದ್ದು. ಆದ್ರೆ ಒಬ್ಬನನ್ನ ಬಿಟ್ಟು ಉಳಿದೋರೆಲ್ಲ ಮೊದಲೇ ಮಾತಾಡ್ಕೊಂಡು ತಪ್ಪು ಉತ್ತರ ಹೇಳ್ತಿದ್ರು. ಹಿಂಗೆ ಬೇರೆ ಬೇರೆ ಗುಂಪಲ್ಲಿ ಮಾಡಿದಾಗ ಆ ಪಾಪದ ಒಬ್ಬೊಬ್ಬರಲ್ಲಿ ನೂರಕ್ಕೆ ಸುಮಾರು 75 ಜನ ಒಂದು ಸಲನಾದ್ರೂ ಗುಂಪಿನ ತಪ್ಪನ್ನೇ ಒಪ್ಕೊಂಡ್ರು. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಮುಂದಿನ ಭಾಗ. ಗುಂಪಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದ್ರೆ ಸಾಕು, ಹಿಂಗೆ ಒಪ್ಕೊಳ್ಳೋದು ಬಹಳ ಕಮ್ಮಿ ಆಗ್ತಿತ್ತು. ಮನೇಲಿ ಸೊಸೆ "ನನಗೆ ಇವತ್ತು ಆಗಲ್ಲ" ಅಂದಾಗ ಗಂಡ ಪೇಪರ್ ಕೆಳಗಿಟ್ಟು "ಹೌದು ಬಿಡವ್ವ, ಇವತ್ತು ಹೋಟೆಲಿಂದ ತರೋಣ" ಅಂದ್ರೆ ಅದು ಎಷ್ಟು ದೊಡ್ಡ ಕೆಲಸ ಅಂತ ಗಂಡಸರು ದಯವಿಟ್ಟು ಗಮನ ಕೊಡ್ರಿ.

ಈಗ ಒಪ್ಕೊಳ್ಳೋದರ ಬಗ್ಗೆ. ನಾನು ನನ್ನನ್ನ ಬದಲಾಯಿಸ್ಕೋಬೇಕು ಅಂತ ಶುರು ಮಾಡಿದಾಗ ದಿನಾ ರಾತ್ರಿ ನನ್ನ ಮೇಲೆ ನಾನೇ ಸಿಟ್ಟಾಗ್ತಿದ್ದೆ, ಇವತ್ತೂ ಹೂಂ ಅಂದ್ಬಿಟ್ಟೆ ಅಂತ. ಅದರಿಂದ ಏನೂ ಆಗ್ಲಿಲ್ಲ. ಬದಲಾಗಿದ್ದು ಯಾವಾಗ ಅಂದ್ರೆ, ಹೌದು, ನನಗೆ ಭಯ ಇದೆ, ಒಬ್ಬರು ಮುಖ ತಿರುಗಿಸಿದ್ರೆ ನನಗೆ ಊಟ ಸೇರಲ್ಲ, ನಾನು ಇರೋದೇ ಹಿಂಗೆ ಅಂತ ಸುಮ್ನೆ ಒಪ್ಕೊಂಡ ಮೇಲೆ. ಇನ್ನೊಂದು ಒಪ್ಕೋಬೇಕು, ಅದು ಇನ್ನೂ ಕಷ್ಟ: ನಾನು ಏನೇ ಮಾಡಿದ್ರೂ ಕೆಲವರಿಗೆ ಬೇಜಾರಾಗುತ್ತೆ, ಆ ಬೇಜಾರು ಅವರದ್ದು, ಅದನ್ನ ಅನುಭವಿಸೋ ಹಕ್ಕೂ ಅವರಿಗಿದೆ. ಒಲ್ಲದ ಗಂಡಗೆ ಮೊಸರಲ್ಲಿ ಕಲ್ಲು ಅಂತಾರಲ್ಲ, ನಾವು ಮೊಸರನ್ನ ಎಷ್ಟು ಸಲ ಸೋಸ್ತೀವಿ ಹೇಳ್ರಿ!

ಹಂಗಂತ ಬೇರೆಯವ್ರ ನೋವು ನಮಗೆ ಬೇಡ ಅಂತಲ್ಲ. ಕಾರ್ಲ್ ರೋಜರ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1957ರಲ್ಲಿ ಸಹಾನುಭೂತಿ ಅಂದ್ರೆ ಏನು ಅಂತ ಹೇಳೋವಾಗ ಒಂದು ಸಣ್ಣ ಷರತ್ತು ಹಾಕಿದ್ರು. ಇನ್ನೊಬ್ಬರ ಒಳಗನ್ನ ನಮ್ಮದೇ ಎಂಬಂತೆ ಅರ್ಥ ಮಾಡ್ಕೋಬೇಕು, ಆದ್ರೆ ಆ "ಎಂಬಂತೆ"ಯನ್ನ ಯಾವತ್ತೂ ಕಳ್ಕೋಬಾರ್ದು. ನಾನು ಕಳ್ಕೊಂಡಿದ್ದು ಅದನ್ನೇ. ಅಣ್ಣನ ಸಾಲ ನನ್ನದೇ ಎಂಬಂತೆ ಇರ್ಲಿಲ್ಲ, ನಿಜವಾಗ್ಲೂ ನನ್ನದೇ ಆಗೋತು.

ಇಲ್ಲಿ ತನಕ ಸರಿ, ಇದರಾಚೆ ಒಲ್ಲೆ ಅಂತ ನಾವು ಹಾಕ್ಕೊಳ್ಳೋ ಗಡಿಗೆ ಬೌಂಡರಿ ಅಂತಾರೆ. ಬೌಂಡರಿ ಅಂದ ತಕ್ಷಣ ನಮ್ಮ ಕಡೆಯೋರಿಗೆ ದುರ್ಗದ ಏಳು ಸುತ್ತಿನ ಕೋಟೆ ನೆನಪಾಗುತ್ತೆ, ಅದಕ್ಕೇ ಹೆದರ್ತಾರೆ, ಸಂಬಂಧಿಕರ ಮಧ್ಯೆ ಗೋಡೆ ಕಟ್ಟೋದಾ ಅಂತ. ಕೋಟೆ ಕಟ್ಟೋದು ಶತ್ರು ಬರ್ತಾನೆ ಅಂತ. ನಾನು ಹೇಳ್ತಿರೋದು ಹೊಲದ ಬದು. ನಮ್ಮದು ಮಳೆ ಕಮ್ಮಿ ಬೀಳೋ ಸೀಮೆ, ಕೆಮ್ಮಣ್ಣಿನ ಇಳಿಜಾರು ಹೊಲ, ಬದು ಇಲ್ಲ ಅಂದ್ರೆ ಬಿದ್ದ ನಾಲ್ಕು ಹನಿನೂ ನಿಲ್ಲಲ್ಲ, ಮೇಲ್ಮಣ್ಣನ್ನೂ ಕೊಚ್ಕೊಂಡು ಹೋಗುತ್ತೆ. ಅದೇ ಬದುವಿನ ಮೇಲೆ ಬೇವಿನ ಮರ ಇರುತ್ತೆ, ಮಧ್ಯಾಹ್ನ ಪಕ್ಕದ ಹೊಲದೋರೂ ನಾವೂ ಅಲ್ಲೇ ಕೂತು ಬುತ್ತಿ ಬಿಚ್ಚಿ ಚಟ್ನಿ ಹಂಚ್ಕೊಂಡು ತಿಂತಿದ್ವಿ. ಬದು ಇದ್ದಿದ್ದಕ್ಕೇ ಅಲ್ಲಿ ಜಗಳ ಇರ್ಲಿಲ್ಲ. ಜಗಳ ಶುರುವಾಗ್ತಿದ್ದು ವರ್ಷಕ್ಕೆ ಒಂದು ಸಾಲು ಬದು ಒತ್ತಿ ಉಳುಮೆ ಮಾಡಿದಾಗ, ಒಂದೇ ಸಾಲು ಅಲ್ವಾ ಅಂತ ಇವರು ಸುಮ್ನಿದ್ದಾಗ, ಹತ್ತು ವರ್ಷ ಆದ್ಮೇಲೆ ಒಂದು ದಿನ ಕುಡುಗೋಲು ಎತ್ತಿದಾಗ. ಮನೆಯೊಳಗೂ ಹಂಗೇ ಆಗೋದು, ಎಷ್ಟೋ ವರ್ಷ ಬಾಯಿ ಮುಚ್ಕೊಂಡಿದ್ದ ಹೆಂಗಸು ಒಂದು ಲೋಟ ಕಾಫಿ ವಿಷಯಕ್ಕೆ ಕಿರುಚ್ತಾಳೆ, ಎಲ್ಲರೂ ಇವಳಿಗೇನಾತು ಅಂತಾರೆ.

ಹೆಂಗೆ ಹೇಳೋದು ಅಂತ ಹೋದ ವಾರ ಒಬ್ಬ ಹುಡುಗಿ ಕೇಳಿದ್ಲು. ಮೊದಲು "ನೋಡೋಣ" ಬಿಡ್ರಿ. ನಮ್ಮ ಕನ್ನಡದ "ನೋಡೋಣ" ಹೂಂನೂ ಅಲ್ಲ ಊಹೂಂನೂ ಅಲ್ಲ, ಕೇಳಿದೋರು ಹೂಂ ಅಂತ ತಿಳ್ಕೊಂಡು ಕಾಯ್ತಾರೆ, ನಾವು ಅವರ ಫೋನ್ ಎತ್ತದೆ ಅಡಗ್ತೀವಿ. ಟೈಮ್ ಬೇಕಿದ್ರೆ "ನಾಳೆ ಸಂಜೆ ಆರು ಗಂಟೆಗೆ ನಾನೇ ಫೋನ್ ಮಾಡಿ ಹೇಳ್ತೀನಿ" ಅನ್ರಿ, ಮಾಡ್ರಿ. ಆಮೇಲೆ "ಮನೆಯೋರು ಬೇಡ ಅಂತಾರೆ" ಅನ್ನೋ ಸುಳ್ಳು, ಅದನ್ನೂ ಬಿಡ್ರಿ, ಪಾಪ ಅವರ ಹೆಸರು ಯಾಕೆ ಕೆಡಿಸ್ತೀರಿ. ನಮ್ಮ ಕಡೆ ಮಕ್ಕಳು "ನಾ ಒಲ್ಲೆ" ಅಂತಾವೆ ನೋಡ್ರಿ, ಎಷ್ಟು ಚೆಂದ ಆ ಪದ. "ಆಗಲ್ಲ" ಅಂದ್ರೆ ಪರಿಸ್ಥಿತಿ ಮೇಲೆ ಹಾಕ್ದಂಗೆ, "ಒಲ್ಲೆ" ಅಂದ್ರೆ ಮನಸ್ಸಿಲ್ಲದೋಳು ನಾನೇ ಅಂತ ನಾನೇ ನಿಂತು ಹೇಳ್ದಂಗೆ. ಮಕ್ಕಳು ಅದನ್ನ ಹೇಳಿದ್ರೆ ನಾವು ಗದರಿಸಿ ಬಿಡಿಸ್ತೀವಿ. ಪಂಕ್ತಿಲಿ ಎಲೆ ಮೇಲೆ ಕೈ ಅಡ್ಡ ಹಿಡಿದ್ರೂ ಬೆರಳಿನ ಸಂದಿಯಿಂದ ಪಾಯಸ ಸುರೀತೀವಲ್ಲ, ಒತ್ತಾಯವೇ ಪ್ರೀತಿ ಅಂತ ಕಲಿಸಿದ್ದೀವಿ. ಹಾಗಾಗಿ ಬೇರೆಯವ್ರ "ಸಾಕು" ಕೇಳಿಸ್ಕೊಳ್ಳೋದೂ ಇದರ ಒಂದು ಭಾಗ, ಬಹುಶಃ ಅರ್ಧ ಭಾಗ.

ಎರಡು ವರ್ಷಕ್ಕೊಮ್ಮೆ ಬರೋ ನಮ್ಮೂರ ದುಗ್ಗಮ್ಮನ ಹಬ್ಬನೇ ತಗೊಳ್ರಿ. ಕೈಯಲ್ಲಿ ಕಾಸಿಲ್ಲ ಅಂದ್ರೂ ಸಾಲ ತಂದು ನೆಂಟರಿಗೆ ಊಟ ಹಾಕೋ ಮನೆಗಳು ನನಗೆ ಗೊತ್ತು. ಅಮ್ಮನ ಮೇಲಿನ ಭಕ್ತಿ ನನಗೂ ಇದೆ, ನೆಂಟರು ಬಂದ್ರೆ ನನಗೂ ಖುಷಿ. ಆದ್ರೆ ಹೋದ ಎರಡು ಸಲದಿಂದ ನಮ್ಮ ಮನೇಲಿ ಮೊದಲೇ ಫೋನ್ ಮಾಡಿ ಹೇಳ್ತೀವಿ, ಈ ಸಲ ಇಷ್ಟೇ ಜನ, ಇಷ್ಟೇ ಅಡುಗೆ, ಬಂದೋರು ಒಂದೊಂದು ಕೈ ಹಾಕ್ಬೇಕು. ಫೋನಿಟ್ಟ ಮೇಲೆ ಎದೆ ಡವಡವ ಅಂತಿತ್ತು. ಇದೊಂದು ನೆನಪಿಟ್ಕೊಳ್ರಿ, ಬೇಡ ಅಂದ ಮೇಲೆ ಬರೋ ಆ ಅಪರಾಧಿ ಭಾವನೆ ನೀವು ತಪ್ಪು ಮಾಡಿದ್ದಕ್ಕೆ ಸಾಕ್ಷಿ ಅಲ್ಲ. ಅಭ್ಯಾಸ ಇಲ್ಲದ ಕೆಲಸ ಮಾಡಿದಾಗ ಮೈಕೈ ನೋವು ಬರುತ್ತಲ್ಲ, ಹಂಗೆ. ಏನೂ ಮಾಡದೆ ಅದರ ಜೊತೆ ಕೂತ್ಕೊಂಡ್ರೆ ತಾನಾಗೇ ಇಳಿಯುತ್ತೆ, ವಾಪಸ್ ಫೋನ್ ಮಾಡಿ "ಇರ್ಲಿ ಎಲ್ಲಾ ಬನ್ನಿ" ಅಂದ್ರೆ ಮಾತ್ರ ಮುಂದಿನ ಸಲಕ್ಕೆ ಇನ್ನೂ ಜೋರಾಗುತ್ತೆ.

ಒಂದು ಎಚ್ಚರಿಕೆ ಹೇಳಲೇಬೇಕು. ಎದುರಿಗಿರೋರು ಕೈ ಎತ್ತೋರಾಗಿದ್ರೆ, ಬೇಡ ಅಂದ್ರೆ ಏಟು ಬೀಳೋ ಮನೆ ಆಗಿದ್ರೆ, ನನ್ನ ಮಾತು ಕೇಳಿ ಒಬ್ಬರೇ ಹೋಗಿ ಎದುರು ನಿಲ್ಲಬೇಡ್ರಿ. ಅಲ್ಲಿ ಹೂಂ ಅಂದು ಜೀವ ಉಳಿಸ್ಕೊಳ್ಳೋದು ತಪ್ಪೇ ಅಲ್ಲ. ಮಹಿಳೆಯರಿಗೆ 181 ಸಹಾಯವಾಣಿ ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಮನಸ್ಸು ತೀರಾ ಕುಗ್ಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಬರ್ಕೊಳ್ರಿ.

ಆ ಅಣ್ಣ ನಾಲ್ಕು ವರ್ಷದ ಹಿಂದೆ ಮತ್ತೆ ಬಂದ್ರು ರೀ, ಇನ್ನೊಂದು ಫಾರಂ ಹಿಡ್ಕೊಂಡು. ನನ್ನ ಕೈ ನಡುಗ್ತಾ ಇತ್ತು. "ಅಣ್ಣ, ನಿನಗೆ ಎಷ್ಟು ಕಷ್ಟ ಐತೆ ಅಂತ ನನಗೆ ಕಾಣುತ್ತೆ, ಮಗಳ ಫೀಸಿಗೆ ಹತ್ತು ಸಾವಿರ ಕೊಡ್ತೀನಿ, ವಾಪಸ್ ಕೊಡೋದು ಬೇಡ, ಸೈನು ಮಾತ್ರ ನಾನು ಒಲ್ಲೆ" ಅಂದೆ. ಒಂದೇ ಉಸಿರಲ್ಲಿ ಹೇಳ್ಬಿಟ್ಟೆ, ಎರಡನೇ ಸಲ ವಿವರಿಸ್ಲಿಲ್ಲ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ್ರು. ಒಂದೂವರೆ ವರ್ಷ ಮಾತಿಲ್ಲ. ಒಂದು ಮದುವೇಲಿ ಎದುರಿಗೆ ಸಿಕ್ಕಿ ಮುಖ ತಿರುಗಿಸಿದ್ರು, ಅವತ್ತು ನನಗೆ ನಿಜವಾಗ್ಲೂ ಊಟ ಸೇರ್ಲಿಲ್ಲ, ಆದ್ರೂ ಹಿಂದೆ ಓಡಿ ಹೋಗಿ ಸಮಾಧಾನ ಮಾಡ್ಲಿಲ್ಲ.

ಹೋದ ದುಗ್ಗಮ್ಮನ ಹಬ್ಬಕ್ಕೆ ಬಂದ್ರು, ನಾನು ಕರೆದಿದ್ದೆ. ಜಾಸ್ತಿ ಮಾತಾಡ್ಲಿಲ್ಲ, ಅಪ್ಪನ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತಿದ್ರು, ಆಮೇಲೆ ಎಲ್ಲರ ಜೊತೆ ಊಟಕ್ಕೆ ಕೂತ್ರು. ಎರಡನೇ ಸಲ ಹೋಳಿಗೆ ತಗೊಂಡು ಹೋದೆ. ತಲೆ ಎತ್ತದೆ ಎಲೆ ಮೇಲೆ ಕೈ ಅಡ್ಡ ಇಟ್ಟು "ಸಾಕಮ್ಮ" ಅಂದ್ರು. ನಾನು ಒತ್ತಾಯ ಮಾಡ್ಲಿಲ್ಲ, ಮುಂದಿನ ಎಲೆಗೆ ಹೋದೆ.